ಮೂರನೇ ಎಳಿ

ಲಿವರ್ ಅಂದ ಕೂಡಲೆ ಎಲ್ಲಾರೂ ಕೇಳಿದ್ರು:
ಎಷ್ಟು ವರ್ಷಾತು ಕುಡ್ಯಾಕ ಹತ್ತಿ, ರಾಚಪ್ಪ?
ಕೊರಳಾಗಿನ ಕರಡಗಿ ಮುಟ್ಟಿ ಹೇಳಿದೆ, ಒಂದು ಹನಿ ಇಲ್ಲ.
ಅಶೋಕ ಚೌಕದ ಪಾನಿನ ಅಂಗಡಿಯವ
ಕಣ್ಣು ಹೊಡದು, ಎಲಿಗೆ ಸುಣ್ಣಾ ಹಚ್ಚಿದ.

ಕುಡದದ್ದು ಚಹಾ.
ಪಾಳಿಗೆ ಆರು ಕಪ್ಪು, ಸಕ್ಕರಿ ಮುಂದ.
ಹನ್ನೆರಡು ತಾಸು ನಿಂತ ಕೆಲಸ;
ನಿಂತದ್ದು ನಡದಂಗಲ್ಲ ಅಂತ ಯಾರು ಹೇಳಿದ್ರು?
ರಾತ್ರಿ ಶೆಡ್ಡು ಬಿಟ್ಟ ಮ್ಯಾಲ ವಡಾ, ಪಾವು, ಮತ್ತೊಂದು ವಡಾ.
ಕಡಕ ಭಾಕ್ರಿ ಮನಿಯಾಗ
ನನ್ನ ಹಾದಿ ನೋಡಿ ನೋಡಿ ಇನ್ನೂ ಕಡಕ ಆತು.

ಡಾಕ್ಟರ ಗುಂಡೇಟಿ ವನಮಾಲಾ ನೇಕಾರರ ಮೊಮ್ಮಗಳು,
ಅಜ್ಜನ ಕೈಮಗ್ಗ ಇನ್ನೂ ಅಟ್ಟದ ಮ್ಯಾಲ ಐತಂತ.
ಅದಕ್ಕ ಔಷಧ ಬರಿಯೂಕಿಂತ ಮೊದಲ
ರಸೀದಿ ಬೆನ್ನಿಗೆ ಒಂದು ಶೆಡ್ಡು ಬರದಳು.

"ಇದು ನಿನ್ನ ಲಿವರು ತಿಳಕೋ.
ಸಕ್ಕರಿ ಬರತೈತಿ ಅರಳಿ ಬಂದಂಗ.
ಎರಡೆರಡು ಕೊಂಡಿ ಕೂಡಿಸಿ ಕೂಡಿಸಿ
ಹದಿನಾರಕ್ಕ ಒಂದು ಎಳಿ ತಗೀತಾವ ಕಿಣ್ವ."

ಕಿಣ್ವ. ನಾ ಕೇಳದ ಶಬ್ದ.
ಬಿಡಿಸಿ ಹೇಳಿದಾಗ ಜಾಬರ ಅಂದಂಗ ಕೇಳಿಸ್ತು:
ತಾ ನೂಲಲ್ಲ, ತಾ ಟಾವೆಲಲ್ಲ,
ನಡುವ ನಿಂತು ಕೆಲಸಾ ಮಾಡಿಸಿ
ತಾ ಇದ್ದಂಗ ಉಳಿಯಾವ.
ಮೂವತ್ತೊಂದು ವರ್ಷ ನಾ ಅದ.

"ಎರಡು ಎಳಿ ಗೂಟಕ್ಕ ಬೀಳೂತನಾ ಬ್ಯಾರೆ ಹಾದಿನೂ ಐತಿ.
ಮೂರನೇದು ಗಂಟಾತಂದ್ರ ಅದು ಕೊಬ್ಬು, ಗೋದಾಮಿಗೆ ಹೊಂಟಂಗ.
ಆ ಮೂರನೇ ಗಂಟು ಹಾಕೂ ಕೈಯನ್ನ ಹಿಡಿಯೂ ಗುಳಿಗಿ
ಹುಡುಕಾಕ ಹತ್ಯಾರ."

ಮೊದಲನೇ ಎಳಿ ತಗಿಯಾವನ್ನ ಯಾಕ ಹಿಡಿಯಲಿಲ್ಲ, ಬಾಯಾರ?

"ಹಿಡದು ನೋಡ್ಯಾರ.
ಲಿವರಿನಾಗ ಇಳೀತು. ರಕ್ತದಾಗ ಏರಿತು."

ನಗು ತಡೀಲಿಲ್ಲ ನನಗ.
ಇಲ್ಲಿ ಒಂದು ಮಗ್ಗ ಬಂದ್ ಮಾಡಿದ್ರ
ಮಾಲಕ ಆರ್ಡರು ಬಿಡತಾನೇನು?
ಗೋಡಿ ಆಚಿ ಶೆಡ್ಡಿಗೆ ಕಳಸ್ತಾನ!
ಆಕಿ ಪೆನ್ನು ಕೆಳಗಿಟ್ಟು
ನನ್ನ ಹೊಸದಾಗಿ ನೋಡಿದಂಗ ನೋಡಿದಳು.

ಮತ್ತೊಂದು ಮಾತು ಹೇಳಿದಳು, ಅದು ನಿದ್ದಿ ಕೆಡಿಸ್ತು:
ಕೆಲವರಿಗೆ ಹುಟ್ಟಿನಿಂದನ ಒಂದು ಕಿಣ್ವ ಕೆಟ್ಟಿರತೈತಂತ.
ಅಂಥವರ ಲಿವರಿಗೆ ಗಾಯ ಕಡಿಮಿ.
ಆ ಕೆಟ್ಟದ್ದನ್ನ ನೋಡೇ
ಉಳದವರದೂ ಹೆಂಗ ಕೆಡಸೂದು ಅಂತ ಕಲೀತಾರಂತ.

ನಮ್ಮ ಶೆಡ್ಡಿನಾಗ ನಲವತ್ತು ಮಗ್ಗ, ನಡಿಯೂವು ಹನ್ನೊಂದು.
ಉಳದವುಕ್ಕ ಗೋಣಿಚೀಲ ಹೊಚ್ಚೇವಿ.
ಗುಜರಿಯವ ಬಂದು ಕಿಲೋ ಲೆಕ್ಕದಾಗ ಮುಟ್ಟಿ ಹೋಗ್ಯಾನ.
ಹದಿನಾಲ್ಕನೇದು ನಿಂತಾಗ
ಈರಪ್ಪ ಭಿವಂಡಿಯಾಗ ವಾಚಮನ್ ಆದ.
ಇಪ್ಪತ್ತೆರಡು ನಿಂತಾಗ
ಅಂಬೂಬಾಯಿ ಬೀಡಿ ಕಟ್ಟಾಕ ಕುಂತಳು.
ನಿಂತ ಒಂದೊಂದು ಮಗ್ಗಕ್ಕೂ ನನಗ ಒಂದು ಮಾರಿ ನೆನಪೈತಿ.
ಕೆಟ್ಟು ನಿಂತ್ರ ಜೀವ ಉಳೀತೈತಿ ಅಂತ
ಈ ಸೊಲ್ಲಾಪುರದಾಗ
ಯಾರೂ ನನಗ ಹೇಳಿರಲಿಲ್ಲ.

ಗುಳಿಗಿ ಇನ್ನೂ ಬಂದಿಲ್ಲ.
ಬಂದದ್ದು ಒಂದು ಚೀಟಿ: ನಡಿ. ಸಕ್ಕರಿ ಬಿಡು.
ಹೊತ್ತಿಗೆ ಸರಿಯಾಗಿ ಭಾಕ್ರಿ ತಿನ್ನು. ಹತ್ತು ಕಿಲೋ ಇಳಿ.
ಚಹಾದ ಹುಡುಗ ನನ್ನ ಕಪ್ಪಿಗೆ
ಅತ್ತಂಗ ಮಾರಿ ಮಾಡತಾನ.

ರಾತ್ರಿ ಪಾಳಿಯಾಗ ಬಲಕಿನ ಪಕ್ಕಿ ಮ್ಯಾಲ ಕೈ ಇಟ್ಟು
ಒಳಗಿನವಗ ಹೇಳತೀನಿ:
ತಮ್ಮಾ, ನಿಂದೇನೂ ತಪ್ಪಿಲ್ಲ.
ಏನು ಕಳಸ್ತಾರ ಅದನ್ನ ಕಟ್ಟೂದು ನಮ್ಮ ಜಾತಿ.
ಇವತ್ತ ನಾಕು ಕಪ್ಪು ಬಿಟ್ಟೀನಿ,
ಮಾಲು ಕಡಿಮಿ ಬರತೈತಿ.
ಜರಾ ಕೂಡು. ಬೆನ್ನು ಚಾಚು.

ಏಳನೇ ಮಗ್ಗದಾಗ ಎಳಿ ಹರದದ್ದು ಕೇಳಿಸ್ತು.
ಎದ್ದು ಹೋದೆ.
ಕೈ, ನನ್ನ ಕೇಳದನ, ಗಂಟು ಹಾಕಿತು.